ಪುಸ್ತಕದ ಗಂಟೆ, ಗಡಿಯಾರದ ಗಂಟೆ

ದುಡಿದವನಿಗೆ ದುಡಿಮೆಗೆ ತಕ್ಕ ಕೂಲಿ ಸಲ್ಲಬೇಕೆಂಬುದನ್ನು ಒಪ್ಪದವರಿಲ್ಲ. ತೊಡಕಿರುವುದು ದುಡಿಮೆಯನ್ನು ಅಳೆಯುವುದರಲ್ಲಿ. ಅಮೆರಿಕದ ಕಾರು ಗ್ಯಾರೇಜುಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ‘ಫ್ಲಾಟ್ ರೇಟ್’ ಎಂಬ ವೇತನಕ್ರಮವನ್ನು ಈ ದೃಷ್ಟಿಯಿಂದ ಓದುಗ ಬಂಧುಗಳ ಮುಂದಿಡಬಯಸುತ್ತೇವೆ.

ಯಾವ ರಿಪೇರಿಗೆ ಎಷ್ಟು ಗಂಟೆಯೆಂದು ಮೊದಲೇ ಗೊತ್ತುಪಡಿಸಿದ ಕೈಪಿಡಿಗಳು ಅಲ್ಲಿವೆ. ಕೈಪಿಡಿಯಲ್ಲಿ ಮೂರು ಗಂಟೆಯೆಂದಿದ್ದರೆ ಮೆಕ್ಯಾನಿಕನಿಗೆ ಮೂರು ಗಂಟೆಯ ಕೂಲಿ. ಎರಡೇ ಗಂಟೆಯಲ್ಲಿ ಮುಗಿಸಿದರೂ ಅಷ್ಟೇ. ತುಕ್ಕು ಹಿಡಿದ ಬೋಲ್ಟು ಮುರಿದು ಐದು ಗಂಟೆ ಹಿಡಿದರೂ ಅಷ್ಟೇ. ನುರಿತ ಕೈಗೆ ಇದರಿಂದ ಲಾಭವುಂಟು; ಎಂಟು ಗಂಟೆ ದುಡಿದು ಹತ್ತು ಗಂಟೆಯ ಕೂಲಿ ಪಡೆಯುವವರೂ ಇದ್ದಾರೆ. ಗ್ರಾಹಕನಿಗೂ ಖರ್ಚು ಮೊದಲೇ ತಿಳಿಯುತ್ತದೆ. ಆದರೆ ವಾಹನವೇ ಬಾರದ ದಿನ, ಬಿಡಿಭಾಗಕ್ಕಾಗಿ ಕಾದ ಹೊತ್ತು ಕೈಪಿಡಿಯ ಲೆಕ್ಕಕ್ಕೆ ಸೇರವು. ವಾರಂಟಿಯ ಕೆಲಸಕ್ಕೆ ತಯಾರಕರು ಕೊಡುವ ಗಂಟೆಗಳಂತೂ ಇನ್ನೂ ಬಿಗಿ. ದೋಷವೆಲ್ಲಿದೆಯೆಂದು ತಾಳ್ಮೆಯಿಂದ ಹುಡುಕುವವನಿಗೇ ನಷ್ಟ. ಹುಡುಕದೆ ಭಾಗ ಬದಲಿಸುವವನಿಗೆ ಲಾಭ. ಈ ಪದ್ಧತಿಯ ದೊಡ್ಡ ಕೊರತೆ ಇದೇ ಎಂದು ನಮಗೆ ತೋರುತ್ತದೆ.

ಇಂಥ ಲೆಕ್ಕಾಚಾರ ಗ್ರಾಹಕನನ್ನೂ ಬಿಡದು. ಬೇಡದ ರಿಪೇರಿಗಳನ್ನು ಮಾರಿದ ಆರೋಪವನ್ನು ಕ್ಯಾಲಿಫೋರ್ನಿಯ ಸರ್ಕಾರವು 1992ರಲ್ಲಿ ಸಿಯರ್ಸ್ ಸಂಸ್ಥೆಯ ವಾಹನ ಕೇಂದ್ರಗಳ ಮೇಲೆ ಹೊರಿಸಿತು. ಅಲ್ಲಿ ಮೆಕ್ಯಾನಿಕರಿಗೆ ಹೆಚ್ಚು ಕೆಲಸಕ್ಕೆ ಪ್ರೋತ್ಸಾಹಧನ, ಗ್ರಾಹಕರೊಡನೆ ಮಾತನಾಡುವ ಸಲಹೆಗಾರರಿಗೆ ಮಾರಾಟದ ಮೇಲೆ ಕಮಿಷನ್ ಗೊತ್ತುಮಾಡಿದ್ದರು. ಫ್ಲಾಟ್ ರೇಟಿಗೆ ಇದು ದಾಯಾದಿಯೆನ್ನಬಹುದು. ಆ ವ್ಯವಸ್ಥೆಯೇ ತಪ್ಪುಗಳಿಗೆ ಎಡೆಮಾಡಿತೆಂದು ಅಧ್ಯಕ್ಷ ಎಡ್ವರ್ಡ್ ಬ್ರೆನ್ನನ್ ಬಹಿರಂಗವಾಗಿ ಒಪ್ಪಿಕೊಂಡರು. ಸಲಹೆಗಾರರ ಕಮಿಷನ್ ರದ್ದಾಯಿತು.

ಮೆಕ್ಯಾನಿಕನು ಕಾಯುವ ಹೊತ್ತಿನ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಲು ಇನ್ನೂ ಕಾಲ ಹಿಡಿಯಿತು. ಲಾಸ್ ಏಂಜಲೀಸಿನ ಮರ್ಸಿಡಿಸ್ ಬೆಂಜ್ ಮಾರಾಟಗಾರರೊಬ್ಬರ ಬಳಿ ದುಡಿದ ಮೆಕ್ಯಾನಿಕರು ದಾವೆ ಹೂಡಿದರು. ಒಟ್ಟು ಗಳಿಕೆಯನ್ನು ಒಟ್ಟು ಗಂಟೆಗಳಿಗೆ ಹಂಚಿದರೆ ಕನಿಷ್ಠ ವೇತನಕ್ಕೆ ಕೊರತೆಯಾಗದೆಂಬುದು ಮಾಲೀಕರ ವಾದ. 2013ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪದೆ, ಕಾದ ಗಂಟೆಗಳಿಗೆ ಪ್ರತ್ಯೇಕವಾಗಿಯೇ ಕನಿಷ್ಠ ವೇತನ ಸಲ್ಲಬೇಕೆಂದು ತೀರ್ಪಿತ್ತಿತು. 2016ರ ಜನವರಿಯಿಂದ ಕಾಯುವ ಹೊತ್ತಿಗೂ ವಿಶ್ರಾಂತಿಯ ಬಿಡುವಿಗೂ ಬೇರೆಯಾಗಿ ಕೂಲಿ ಕೊಡಬೇಕೆಂಬ ಶಾಸನವೂ ಆ ರಾಜ್ಯದಲ್ಲಿ ಜಾರಿಗೆ ಬಂದಿತು.

ಇದು ಒಂದು ರಾಜ್ಯದ ಮಾತು. ಅಮೆರಿಕದ ಕೇಂದ್ರ ಕಾನೂನು ವಾಹನ ಮಾರಾಟ ಸಂಸ್ಥೆಗಳ ಮೆಕ್ಯಾನಿಕರನ್ನು ಓವರ್‌ಟೈಮ್ ಹಕ್ಕಿನಿಂದಲೇ ಹೊರಗಿಟ್ಟಿದೆ. ಸ್ಪ್ಯಾನರು, ಸಾಕೆಟ್ಟುಗಳನ್ನೂ ಬಹುಪಾಲು ಅವರೇ ಸ್ವಂತ ಹಣದಿಂದ, ಅನೇಕರು ಸಾಲದಿಂದ ಕೊಂಡಿರುತ್ತಾರೆ. ವಾಹನ ಬಾರದ ವಾರದಲ್ಲಿಯೂ ಆ ಕಂತನ್ನು ಕಟ್ಟಲೇಬೇಕು.