ಬೆಳೆ ಆರಿಸಿದ್ದು ರೈತ, ಬೆಲೆ ಕಟ್ಟಿದ್ದು ಯಾರು?

ಜಗತ್ತಿನ ಕೊಕ್ಕೋದಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಪಶ್ಚಿಮ ಆಫ್ರಿಕಾದ ಘಾನಾ ಮತ್ತು ಐವರಿ ಕೋಸ್ಟ್‌ಗಳಿಂದ. ಅಲ್ಲಿನ ರೈತರ ಬಡತನಕ್ಕೆ ಖರೀದಿದಾರರ ಬಿಗಿಹಿಡಿತ ಕಾರಣ ಎಂದರೆ, ಮುಕ್ತ ವ್ಯಾಪಾರದ ಪರ ಇರುವವರು ನಾಲ್ಕು ಮಾತು ಮುಂದಿಡುತ್ತಾರೆ. ಒಂದೊಂದಕ್ಕೂ ಉತ್ತರವಿದೆ.

ಮೊದಲನೆಯದು: "ಕೊಕ್ಕೋವನ್ನು ಯಾರೂ ಹೇರಲಿಲ್ಲ, ಲಾಭ ಕಂಡು ರೈತರೇ ಬೆಳೆದರು." ಘಾನಾದ ಮಟ್ಟಿಗೆ ಇದು ನಿಜ. ಅದು ಬ್ರಿಟಿಷರ ಗೋಲ್ಡ್ ಕೋಸ್ಟ್ ಆಗಿದ್ದಾಗ ಸಣ್ಣ ರೈತರೇ ಕಾಡು ಕಡಿದು ತೋಟ ಎಬ್ಬಿಸಿದರು. 1911ರ ಹೊತ್ತಿಗೆ ಕೊಕ್ಕೋ ಬೆಳೆಯಲ್ಲಿ ಜಗತ್ತಿಗೇ ಮೊದಲಿಗರಾದರು. ಆದರೆ ಬೆಳೆ ಒಪ್ಪಿದವನು ಬೆಲೆಯನ್ನೂ ಒಪ್ಪಿದ ಎನ್ನಲಾಗದು. 1937ರಲ್ಲಿ ಯುರೋಪಿನ ಖರೀದಿ ಕಂಪನಿಗಳು ಒಳಒಪ್ಪಂದ ಮಾಡಿಕೊಂಡು ಪೈಪೋಟಿ ನಿಲ್ಲಿಸಿದಾಗ, ರೈತರು ಬೀಜ ಮಾರುವುದಿಲ್ಲವೆಂದು ತಿಂಗಳುಗಟ್ಟಲೆ ಪಟ್ಟು ಹಿಡಿದರು. ಇನ್ನು ಐವರಿ ಕೋಸ್ಟ್‌ನಲ್ಲಿ ಫ್ರೆಂಚರ ಬಲವಂತದ ದುಡಿಮೆ ಕಾನೂನಿನಿಂದ ರದ್ದಾದದ್ದೇ 1946ರಲ್ಲಿ. ಅಲ್ಲಿ ಸ್ವಇಚ್ಛೆಯ ಮಾತೆತ್ತುವುದೇ ತಪ್ಪು.

ಎರಡನೆಯದು: "ಮಾರುಕಟ್ಟೆ ಏರಿದರೆ ರೈತನೂ ಮೇಲೇರುತ್ತಾನೆ." 2024ರಲ್ಲಿ ಇದರ ಪರೀಕ್ಷೆಯಾಯಿತು. ಆ ವರ್ಷ ಕೊಕ್ಕೋ ಬೆಲೆ ಟನ್‌ಗೆ 10,000 ಡಾಲರ್ ದಾಟಿತು. ಘಾನಾದಲ್ಲಿ ರೈತನ ದರ ನಿಗದಿ ಮಾಡುವ ಸರ್ಕಾರ ಏಪ್ರಿಲ್‌ನಲ್ಲಿ ಏರಿಸಿ ಕೊಟ್ಟ ದರ ಟನ್‌ಗೆ 33,120 ಸೆಡಿ, ಅಂದರೆ ಸುಮಾರು 2,500 ಡಾಲರ್. ಏಕೆಂದರೆ ಬೆಳೆಯ ಬಹುಪಾಲನ್ನು ಸರ್ಕಾರ ಹಳೆಯ ಬೆಲೆಗೆ ಮುಂಗಡವಾಗಿಯೇ ಮಾರಿಯಾಗಿತ್ತು. ಮಳೆ ಕೈಕೊಟ್ಟು, ಗೆಲ್ಲು ಊದಿಸಿ ಮರವನ್ನೇ ಕೊಲ್ಲುವ ವೈರಸ್ ರೋಗ ಹರಡಿ, ಮಾರಲು ಬೀಜವೂ ಕಡಿಮೆಯಿತ್ತು. ಆ ಬೀಜದ ಹಿಂದಿನ ದುಡಿಮೆ ನೋಡಿ: ಕತ್ತಿಯಿಂದ ಕಾಯಿ ಒಡೆದು, ಲೋಳೆಯ ಸಮೇತ ಹಸಿ ಬೀಜವನ್ನು ಬಾಳೆ ಎಲೆಯ ಮೇಲೆ ರಾಶಿ ಹಾಕಿ ಮುಚ್ಚಿ, ಆರೇಳು ದಿನ ಹುಳಿಯಲು ಬಿಡಬೇಕು. ಆಮೇಲೆ ಚಾಪೆಯ ಮೇಲೆ ಹರವಿ, ಕೈಯಾಡಿಸುತ್ತ ಒಂದೆರಡು ವಾರ ಒಣಗಿಸಬೇಕು. ಚಾಕೊಲೇಟಿನ ಪರಿಮಳ ಹುಟ್ಟುವುದು ಈ ಕೆಲಸದಲ್ಲಿ. ಪರಿಮಳ ಹುಟ್ಟಿಸಿದವನಿಗೆ ಪೇಟೆಬೆಲೆಯ ಕಾಲು ಭಾಗ ಸಿಕ್ಕಿದ್ದನ್ನು ಏಳಿಗೆ ಎನ್ನುವುದು ಹೇಗೆ?

ಮೂರನೆಯದು: "ರೈತನನ್ನು ದೋಚುವುದು ಅವನದೇ ಸರ್ಕಾರಿ ಮಂಡಳಿಗಳು." ರೈತನ ದರ ನಿಗದಿ ಮಾಡುವ ಈ ಮಂಡಳಿಗಳು ದಶಕಗಳ ಕಾಲ ರೈತನ ಪಾಲಿನಿಂದ ಬೊಕ್ಕಸ ತುಂಬಿಸಿದ್ದು ಸುಳ್ಳಲ್ಲ. ಹಾಗಾದರೆ ಮಂಡಳಿ ಹೋದಲ್ಲಿ ರೈತ ಗೆಲ್ಲಬೇಕಿತ್ತು. ಐವರಿ ಕೋಸ್ಟ್ 1999ರಲ್ಲಿ ವಿಶ್ವಬ್ಯಾಂಕಿನ ಒತ್ತಾಯಕ್ಕೆ ಮಣಿದು ತನ್ನ ಮಂಡಳಿಯನ್ನು ಮುಚ್ಚಿತು. ದರದ ಖಾತರಿಯೂ ಹೋಯಿತು, ಬೆಲೆಯ ಏರಿಳಿತವೆಲ್ಲ ರೈತನ ತಲೆಗೇ ಬಂತು. ಕೊನೆಗೆ 2012ರಲ್ಲಿ ಸರ್ಕಾರವೇ ಮತ್ತೆ ಕನಿಷ್ಠ ದರ ನಿಗದಿಗೆ ಇಳಿಯಬೇಕಾಯಿತು. 2019ರಲ್ಲಿ ಎರಡೂ ದೇಶಗಳು ಸೇರಿ ರೈತನ ಜೀವನೋಪಾಯಕ್ಕೆಂದು ಟನ್‌ಗೆ 400 ಡಾಲರ್ ಹೆಚ್ಚುವರಿ ಕೇಳಿದವು. ಅದಕ್ಕೆ ತಲೆಯಾಡಿಸಿದ ಮಾರುಕಟ್ಟೆ, ಗುಣಮಟ್ಟಕ್ಕೆಂದು ಕೊಡುತ್ತಿದ್ದ ಇನ್ನೊಂದು ಹೆಚ್ಚುವರಿಯನ್ನು ಇಳಿಸಿ ಲೆಕ್ಕ ಸರಿಮಾಡಿಕೊಂಡಿತು. ಮಂಡಳಿಗಳು ಸುಧಾರಿಸಲೇಬೇಕು. ಆದರೆ ಅವುಗಳ ತಪ್ಪು ತೋರಿಸಿ ಖರೀದಿದಾರರು ಜಾರಿಕೊಳ್ಳುವಂತಿಲ್ಲ.

ನಾಲ್ಕನೆಯದು: "ಬೀಜ ಮಾರುವುದು ಬಿಟ್ಟು ಚಾಕೊಲೇಟ್ ಮಾಡಲಿ." ಐವರಿ ಕೋಸ್ಟ್ ಈಗಾಗಲೇ ಕೊಕ್ಕೋ ಅರೆಯುವ ದೊಡ್ಡ ದೇಶಗಳಲ್ಲೊಂದು. ಆದರೆ ದೊಡ್ಡ ಗಿರಣಿಗಳು ಹೆಚ್ಚಾಗಿ ಬಹುರಾಷ್ಟ್ರೀಯ ಕಂಪನಿಗಳವು. ಅರೆದ ಲಾಭವೂ ಅವರಿಗೇ. ಕಾರ್ಖಾನೆ ಎಲ್ಲಿದೆ ಎನ್ನುವುದಕ್ಕಿಂತ ಯಾರದು ಎನ್ನುವುದು ಮುಖ್ಯ. ನಮ್ಮ ದಕ್ಷಿಣ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಡಿಕೆ ತೋಟದ ನಡುವೆ ಕೊಕ್ಕೋ ನೆಟ್ಟವರ ಹಸಿ ಬೀಜವನ್ನು ಕೇಳುವವರಿಲ್ಲದ ಕಾಲದಲ್ಲಿ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಅದರ ಬೆನ್ನಿಗೆ ಭಾರತದ ದೊಡ್ಡ ಒಳಮಾರುಕಟ್ಟೆ ಇತ್ತು. ಪಶ್ಚಿಮ ಆಫ್ರಿಕಾದವರಿಗೆ ಅಷ್ಟು ದೊಡ್ಡ ಮಾರುಕಟ್ಟೆ ಇಲ್ಲ. ಹಾಗಾಗಿ ಅವರಿಗೆ ರಫ್ತು ಬೇಕೇ ಬೇಕು.

ರಫ್ತು ನಿಲ್ಲಿಸಿ ಎಂದು ನಾವು ಕೇಳುತ್ತಿಲ್ಲ. ಬದುಕಿಗೆ ಸಾಲುವಷ್ಟು ಕನಿಷ್ಠ ದರ, ಕೆಲವು ವರ್ಷಗಳಿಗಾದರೂ ಕಟ್ಟುಬೀಳುವ ಖರೀದಿ ಕರಾರು, ದರ ನಿಗದಿಯ ಸಭೆಯಲ್ಲಿ ರೈತ ಸಂಘಗಳಿಗೆ ಜಾಗ, ಗಿರಣಿಗಳಲ್ಲಿ ಬೆಳೆಗಾರರಿಗೆ ಪಾಲು: ಇವಿಷ್ಟು ಬೇಕು. ಬೆಲೆಯ ಮೇಲೆ ಒಂದೇ ಕಡೆಯವರಿಗೆ ಹಿಡಿತವಿರುವ ವ್ಯಾಪಾರ ಮುಕ್ತವಲ್ಲ. ಮುಕ್ತ ವ್ಯಾಪಾರವನ್ನು ನಂಬುವವರೇ ಈ ಬೇಡಿಕೆಗಳನ್ನು ಮೊದಲು ಬೆಂಬಲಿಸಬೇಕು.