ಬಿಲ್‌ನಲ್ಲಿ ಕಾಣದ ಎರಡು ಅಂಕಿ

ಗಣೇಶನ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಹೆಚ್ಚಿದ ಹಣ್ಣು ತುಂಬಿ ಫ್ರಿಜ್‌ನಲ್ಲಿಟ್ಟಿದ್ದ ಗಾಜಿನ ಬೌಲನ್ನು ಅಮ್ಮ ಖಾಲಿ ಮಾಡಿ, ಬಟ್ಟೆಯಲ್ಲಿ ಒರೆಸಿ, ಒಲೆಯಿಂದ ಆಗಷ್ಟೇ ಇಳಿಸಿದ ಪಾಯಸವನ್ನು ಅದಕ್ಕೆ ಸುರಿದರು. ಠಪ್ ಅಂತ ಶಬ್ದ. ಬೌಲ್ ಮೂರು ಹೋಳು, ಪಾಯಸ ಅಮ್ಮನ ಪಾದದ ಮೇಲೆ. ಬೊಬ್ಬೆ ಮಾಯೋಕೆ ಎರಡು ವಾರ ಬೇಕಾಯ್ತು.

ಅಪ್ಪ ನನ್ನ ಕಡೆ ತಿರುಗಿ, "ಇಂಜಿನಿಯರಿಂಗ್ ಓದ್ತಿದೀಯಲ್ಲ, ಇದು ಯಾಕೆ ಒಡೀತು ಹೇಳು ನೋಡೋಣ" ಅಂದರು. ಥರ್ಮಲ್ ಸ್ಟ್ರೆಸ್ ಅಂತ ಶುರು ಮಾಡಿದೆ. "ಅದಿರಲಿ, ಡಬ್ಬದ ಮೇಲೆ ಹೀಟ್ ರೆಸಿಸ್ಟೆಂಟ್ ಅಂತ ಬರೆದಿದಾರಲ್ಲೋ?" ಅಂದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಡಬ್ಬ ತೆಗೆದು ನೋಡಿದೆ. ಆಮದು ಮಾಡಿದವರ ಹೆಸರು, ವಿಳಾಸ, ಯಾವ ದೇಶದ್ದು, ಎಂಆರ್‌ಪಿ, ಯಾವ ತಿಂಗಳು, ಎಲ್ಲ ಇತ್ತು. ಯಾವ ಗಾಜು ಅನ್ನೋದು ಮಾತ್ರ ಇರಲಿಲ್ಲ. ಅಂಗಡಿಯ ಬಿಲ್‌ನಲ್ಲಿ ಬೌಲ್‌ನ ಹೆಸರಿನ ಪಕ್ಕ ನಾಲ್ಕು ಅಂಕಿ: 7013. ನಾವು ಯಾರೂ ಓದದ ಎಚ್‌ಎಸ್‌ಎನ್ ಕೋಡ್. ನನ್ನ ಪ್ರಶ್ನೆಗೆ ಉತ್ತರ ಆ ಕೋಡಿನಲ್ಲೇ ಇರುತ್ತೆ, ಆದರೆ ಬಿಲ್‌ನಲ್ಲಿ ಅರ್ಧಕ್ಕೇ ನಿಂತಿದೆ ಅಂತ ಆಮೇಲೆ ಗೊತ್ತಾಯ್ತು.

ಬ್ರಸೆಲ್ಸ್‌ನಲ್ಲಿರುವ ವಿಶ್ವ ಕಸ್ಟಮ್ಸ್ ಸಂಸ್ಥೆ ಪ್ರಪಂಚದಲ್ಲಿ ಮಾರಾಟವಾಗುವ ಪ್ರತಿ ವಸ್ತುವಿಗೂ ಒಂದು ನಂಬರ್ ಕೊಡುತ್ತದೆ. 1988ರಿಂದ ಜಾರಿಯಲ್ಲಿರುವ ಪದ್ಧತಿ ಇದು. ಮೊದಲ 6 ಅಂಕಿ ಎಲ್ಲ ದೇಶಕ್ಕೂ ಒಂದೇ. ಆಮೇಲೆ ಭಾರತ ತನ್ನದು 2 ಅಂಕಿ ಸೇರಿಸಿ 8 ಮಾಡಿಕೊಂಡಿದೆ. 70 ಅಂದರೆ ಗಾಜು. 7013 ಅಂದರೆ ಊಟದ ಮೇಜಿಗೆ, ಅಡುಗೆಮನೆಗೆ, ಅಲಂಕಾರಕ್ಕೆ ಬಳಸುವ ಗಾಜಿನ ಸಾಮಾನು. ಮುಂದಿನ ಎರಡು ಅಂಕಿಯಲ್ಲಿ ಮಜಾ ಇದೆ. ಲೋಟಗಳನ್ನೂ ದುಬಾರಿ ಲೆಡ್ ಕ್ರಿಸ್ಟಲ್ಲನ್ನೂ ಬೇರೆ ಮಾಡಿದ ಮೇಲೆ, ಅಡುಗೆಮನೆಯ ಗಾಜಿಗೆ ಒಂದು ಪರೀಕ್ಷೆ ಇಟ್ಟಿದ್ದಾರೆ: 0 ಡಿಗ್ರಿಯಿಂದ 300 ಡಿಗ್ರಿ ಸೆಲ್ಸಿಯಸ್ ಒಳಗೆ ಅದರ ಲೀನಿಯರ್ ಎಕ್ಸ್‌ಪ್ಯಾನ್ಷನ್ ಕೋಎಫಿಶಿಯಂಟ್ ಪ್ರತಿ ಕೆಲ್ವಿನ್‌ಗೆ 5×10⁻⁶ ಮೀರಬಾರದು. ಪಾಸಾದರೆ 701342, ಇಲ್ಲದಿದ್ದರೆ 701349.

ಅಂದರೆ ಫಸ್ಟ್ ಇಯರ್‌ನಲ್ಲಿ ನಾವು ಎಕ್ಸಾಮ್ ಮುಗಿದ ದಿನವೇ ಮರೆತುಬಿಟ್ಟ ನಂಬರ್ ಕಸ್ಟಮ್ಸ್ ಕಾನೂನಿನಲ್ಲಿ ಕೂತಿದೆ. ಬೋರೋಸಿಲಿಕೇಟ್ ಗಾಜಿಗೆ ಆ ನಂಬರ್ 3.3, ಕಿಟಕಿಗೂ ಬಾಟಲಿಗೂ ಬಳಸುವ ಸಾಮಾನ್ಯ ಸೋಡಾ ಲೈಮ್ ಗಾಜಿಗೆ ಸುಮಾರು 9. ಗೆರೆಯನ್ನು ಸರಿಯಾಗಿ ಇವೆರಡರ ಮಧ್ಯೆ ಎಳೆದಿದ್ದಾರೆ.

ಅಮ್ಮನ ಬೌಲ್‌ನ ಲೆಕ್ಕ ಮಾಡಿ ನೋಡಿ. ಫ್ರಿಜ್ 5 ಡಿಗ್ರಿ, ಪಾಯಸ 95, ವ್ಯತ್ಯಾಸ 90. ಯಂಗ್ಸ್ ಮಾಡ್ಯುಲಸ್‌ಗೆ ಕೋಎಫಿಶಿಯಂಟನ್ನೂ ಈ 90ನ್ನೂ ಗುಣಿಸಿದರೆ ಸೋಡಾ ಲೈಮ್‌ನಲ್ಲಿ ಸುಮಾರು 57 ಮೆಗಾಪ್ಯಾಸ್ಕಲ್ ಸ್ಟ್ರೆಸ್ ಬರುತ್ತದೆ. ಬೋರೋಸಿಲಿಕೇಟ್‌ನಲ್ಲಿ ಸುಮಾರು 19. ಇದು ಒರಟು ಲೆಕ್ಕ, ಒಪ್ಪುತ್ತೇನೆ. ಆದರೆ ಮೂರು ಪಟ್ಟು ವ್ಯತ್ಯಾಸ ಒರಟು ಲೆಕ್ಕದಲ್ಲೂ ಕಾಣುತ್ತದೆ. ದಿನಾ ಉಜ್ಜಿ ಉಜ್ಜಿ ಗೀರು ಬಿದ್ದ ಬೌಲ್ ಒಡೆಯೋಕೆ ಇಷ್ಟು ಸಾಕು.

ಈಗ ನನ್ನ ತಕರಾರು ಹೇಳುತ್ತೇನೆ. ಆ ಬೌಲ್ ಬಂದರಿನಲ್ಲಿ ಇಳಿದಾಗ ಆಮದುದಾರರು ಬಿಲ್ ಆಫ್ ಎಂಟ್ರಿಯಲ್ಲಿ 8 ಅಂಕಿಯೂ ಬರೆದಿರುತ್ತಾರೆ. ಅಂದರೆ ಇದು ಬಿಸಿ ತಡೆಯುವ ಗಾಜೋ ಅಲ್ಲವೋ ಅಂತ ಸರ್ಕಾರಕ್ಕೆ ಲಿಖಿತವಾಗಿ ಹೇಳಿರುತ್ತಾರೆ. ಅಂಗಡಿಗೆ ಬರುವಷ್ಟರಲ್ಲಿ ಆ ಮಾತು ಮಾಯ. ಜಿಎಸ್‌ಟಿ ನಿಯಮದಲ್ಲಿ ವರ್ಷಕ್ಕೆ 5 ಕೋಟಿವರೆಗೆ ವಹಿವಾಟು ಇರುವವರಿಗೆ 4 ಅಂಕಿ ಸಾಕು, ನಮ್ಮಂಥ ಗ್ರಾಹಕರ ಬಿಲ್‌ನಲ್ಲಿ ಅದೂ ಕಡ್ಡಾಯವಲ್ಲ. ತೆರಿಗೆ ಲೆಕ್ಕಕ್ಕೆ ನಾಲ್ಕು ಅಂಕಿ ಸಾಕಿರಬಹುದು. ಅಮ್ಮನ ಪಾದಕ್ಕೆ ಸಾಕಾಗಲಿಲ್ಲ. ನಮ್ಮ ಬೌಲ್ 42ನೋ 49ನೋ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ನಮ್ಮ ಕೆಮಿಸ್ಟ್ರಿ ಲ್ಯಾಬಿನ ಬೀಕರ್ ನೆನಪು ಮಾಡಿಕೊಳ್ಳಿ, ಅದರ ಮೇಲೆ 'ಬೋರೋ 3.3' ಅಂತ ಅಚ್ಚಾಗಿದೆ. ಲ್ಯಾಬ್ ಗಾಜಿನ ಶೀರ್ಷಿಕೆ 7017, ಅಲ್ಲೂ ಇದೇ 5×10⁻⁶ ಗೆರೆ ಇದೆ. ಹಾಸ್ಟೆಲ್‌ನಲ್ಲಿ ಯಾರಾದರೂ ಬೀಕರಿನಲ್ಲಿ ಕಾಫಿ ಕುಡಿದರೂ ಅದು 7013 ಆಗಲ್ಲ, ಯಾಕೆಂದರೆ ಕಾನೂನು ನೋಡುವುದು ಯಾವ ಬಗೆಯ ಸಾಮಾನು ಅನ್ನೋದನ್ನ, ಯಾರು ಹೇಗೆ ಬಳಸಿದರು ಅನ್ನೋದನ್ನಲ್ಲ. ಇರಲಿ. ಕೋಟು, ಗಾಗಲ್ಸ್ ಹಾಕಿಕೊಂಡು ಬರುವ ನಮಗೆ ಗಾಜಿನ ಮೇಲೇ ನಂಬರ್ ಬರೆದು ಕೊಡುತ್ತಾರೆ. ಬರಿಗಾಲಲ್ಲಿ ಅಡುಗೆಮನೆಯಲ್ಲಿ ನಿಲ್ಲುವ ಅಮ್ಮನಿಗೆ 'ಹೀಟ್ ರೆಸಿಸ್ಟೆಂಟ್' ಅನ್ನೋ ಎರಡು ಪದ. ಎಷ್ಟು ಹೀಟ್? ಯಾರೂ ಹೇಳಲ್ಲ.

ಇದನ್ನು ಹೇಳಿದಾಗ ನನ್ನ ರೂಮ್‌ಮೇಟ್ ಎರಡು ಆಕ್ಷೇಪ ಎತ್ತಿದ. ಒಂದು, ಸೋಡಾ ಲೈಮ್ ಗಾಜನ್ನೂ ಟೆಂಪರ್ ಮಾಡಿ ಗಟ್ಟಿ ಮಾಡಬಹುದಲ್ಲ, ಅದು ಕೆಟ್ಟದ್ದೇನಲ್ಲ ಅಂತ. ನಿಜ. ಟೆಂಪರ್ ಮಾಡಿದ್ದು ಕೈ ಜಾರಿ ಬಿದ್ದರೆ ಸಾಮಾನ್ಯ ಗಾಜಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತೆ, ಬಿಸಿಯನ್ನೂ ಒಂದಿಷ್ಟು ತಡೆಯುತ್ತೆ. ಆದರೆ ಅದು ಹಿಗ್ಗುವುದು ಅಷ್ಟೇ ಹಿಗ್ಗುತ್ತೆ. ಹಾಗಿದ್ದರೆ ಅದನ್ನೂ ಬರೆಯಲಿ. 49 ಅಂದರೆ ಕಳಪೆ ಅಂತ ನಾನು ಹೇಳುತ್ತಿಲ್ಲ, 49 ಅಂತ ಗೊತ್ತಿದ್ದರೆ ಅಮ್ಮ ಪಾಯಸವನ್ನು ಸ್ಟೀಲ್ ಪಾತ್ರೆಗೆ ಹಾಕುತ್ತಿದ್ದರು ಅಷ್ಟೇ.

ಎರಡನೆಯದು ಗಟ್ಟಿ ಆಕ್ಷೇಪ. 2020ರ ಬಜೆಟ್‌ನಲ್ಲಿ 7013ರ ಕಸ್ಟಮ್ಸ್ ಸುಂಕವನ್ನು ಶೇ 10ರಿಂದ 20ಕ್ಕೆ ಏರಿಸಿದಾಗ 42, 49 ಎರಡಕ್ಕೂ ಒಂದೇ ದರ ಇಟ್ಟರು. ದುಡ್ಡಿನಲ್ಲಿ ವ್ಯತ್ಯಾಸ ಇಲ್ಲ ಅಂದಮೇಲೆ ಆ ಎರಡು ಅಂಕಿಯನ್ನು ಯಾರು ತಲೆ ಕೆಡಿಸಿಕೊಂಡು ತುಂಬುತ್ತಾರೆ, ಯಾರು ಪರೀಕ್ಷೆ ಮಾಡ್ತಾರೆ ಅಂತ ಕೇಳಿದ. ಅದಕ್ಕೇ ನಾನು ಹೇಳೋದು ಡಬ್ಬದ ಮೇಲೆ ಹಾಕಿ ಅಂತ. ಫೈಲ್‌ನಲ್ಲಿ ತಪ್ಪು ಬರೆದರೆ ಯಾರಿಗೂ ಗೊತ್ತಾಗಲ್ಲ. ಡಬ್ಬದ ಮೇಲೆ ತಪ್ಪು ಬರೆದರೆ ಗ್ರಾಹಕರ ಕೋರ್ಟಿಗೆ ಹೋಗೋಕೆ ನಮ್ಮ ಕೈಯಲ್ಲಿ ಒಂದು ಸಾಕ್ಷಿ ಇರುತ್ತೆ.

ಹೊಸ ಕಾನೂನೇನೂ ಬೇಕಾಗಿಲ್ಲ. ಪ್ಯಾಕ್ ಮಾಡಿದ ಸಾಮಾನಿನ ಮೇಲೆ ಏನೇನು ಇರಬೇಕು ಅಂತ ಹೇಳುವ 2011ರ ಲೀಗಲ್ ಮೆಟ್ರಾಲಜಿ ನಿಯಮಗಳು ಇವೆ. ಎಂಆರ್‌ಪಿ ಪಕ್ಕದಲ್ಲಿ ಇನ್ನೊಂದು ಸಾಲು ಸೇರಿಸಿದರೆ ಆಯ್ತು: ಗಾಜಿನ ಬಗೆ ಮತ್ತು 6 ಅಂಕಿಯ ಕೋಡ್. ಸರ್ಕಾರಕ್ಕೆ ಹೇಳಿದ್ದನ್ನೇ ನಮಗೂ ಹೇಳಿ ಅನ್ನೋದು ದೊಡ್ಡ ಬೇಡಿಕೆ ಅಲ್ಲ.

ಅಲ್ಲಿಯವರೆಗೆ ಒಂದು ಕೆಲಸ ಮಾಡೋಣ. ಈ ಸಲ ರಜೆಗೆ ಹೋದಾಗ ಮನೆಯ ಗಾಜಿನ ಪಾತ್ರೆಗಳನ್ನು ತಿರುಗಿಸಿ, ತಳ ನೋಡಿ. ಬೋರೋಸಿಲಿಕೇಟ್ ಅಂತ ಇದ್ದರೆ ಸರಿ. ಏನೂ ಇಲ್ಲದಿದ್ದರೆ ಫ್ರಿಜ್‌ನಿಂದ ತೆಗೆದ ಕೂಡಲೇ ಬಿಸಿದು ಹಾಕಬೇಡಿ ಅಂತ ಮನೆಯವರಿಗೆ ಹೇಳಿ. ಯಾಕೆ ಅಂತ ಕೇಳಿದರೆ ಲೆಕ್ಕ ಮೇಲೇ ಇದೆ. ನಾನು ಇದನ್ನು ಬೌಲ್ ಒಡೆದ ಮೇಲೆ ಹೇಳಿದೆ. ನೀವು ಮೊದಲೇ ಹೇಳಿ.