ಸೈಕಲ್ಲಿಗೊಂದು ಸವಾರಿ

ಮನುಷ್ಯನನ್ನು ಹೊರುವುದಕ್ಕಾಗಿ ಹುಟ್ಟಿದ ಸೈಕಲ್ಲನ್ನೇ ಕಾರಿನ ಮೇಲೆ ಹೊರಿಸಿಕೊಂಡು ಹೋಗುವುದೆಂದರೆ ನಮ್ಮ ಹೊಸರಿತ್ತಿಯ ಹಿರಿಯರಿಗೆ ನಗೆಯ ಮಾತು. ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರುಗಳ ಹೆದ್ದಾರಿಯಲ್ಲಿ ರಜೆಯ ದಿನ ಬೆನ್ನಿಗೆ ಎರಡು ಸೈಕಲ್ಲು ಕಟ್ಟಿಕೊಂಡ ಕಾರು ಓಡಿದರೆ, ಇದು ಹಣವುಳ್ಳವರ ಆಟವೆಂದು ಮುಖ ತಿರುಗಿಸುವವರೂ ಉಂಟು. ವಾಚಕ ಮಿತ್ರರೇ, ಈ ಮಾತನ್ನು ನಾನು ಒಪ್ಪಲಾರೆ. ಸೈಕಲ್ಲು ಹೊರುವ ಆ ಚೌಕಟ್ಟನ್ನು ಪೇಟೆಯವರು ರ‍್ಯಾಕ್ ಎನ್ನುತ್ತಾರೆ. ಅದನ್ನು ಸರಿಯಾಗಿ ಆರಿಸುವ ಅವಶ್ಯಕತೆ ಹಣವಂತರಿಗಿಂತ ನಮ್ಮಂಥವರಿಗೇ ಹೆಚ್ಚೆಂಬುದು ನನ್ನ ಅಭಿಪ್ರಾಯ.

ಹಣವಂತನ ಸೈಕಲ್ಲು ದಾರಿಯಲ್ಲಿ ಕಳಚಿ ಬಿದ್ದರೆ ಅವನಿಗೆ ಒಂದು ರವಿವಾರ ನಷ್ಟವಾದೀತು. ನಮ್ಮದು ಹಾಗಲ್ಲ. ನನ್ನ ಚಿಕ್ಕಪ್ಪನ ಮಗಳಿಗೆ ಸೈಕಲ್ ಪಂದ್ಯದ ಹಂಬಲ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹುಡುಗ ಹುಡುಗಿಯರು ಆ ಆಟದಲ್ಲಿ ನಾಡಿಗೇ ಹೆಸರು ತಂದವರು. ವಿಜಯಪುರದ ಸರಕಾರಿ ಕ್ರೀಡಾ ವಸತಿನಿಲಯದಲ್ಲಿ ಅದನ್ನು ಕಲಿಸುತ್ತಾರೆ. ಅಲ್ಲಿಯ ಆಯ್ಕೆಗೆ ಹೋಗಬೇಕೆಂದು ಆಕೆಯ ಆಸೆ. ಚಿಕ್ಕಪ್ಪನವರು ಒಂದು ಸುಗ್ಗಿಯ ಗೋವಿನಜೋಳ ಮಾರಿ ಬಂದ ಹಣದಲ್ಲಿ ಸೈಕಲ್ಲು ಕೊಡಿಸಿದ್ದಾರೆ. ಹೋಗುವ ದಾರಿಯಲ್ಲಿ ಅದರ ಮುಂದಿನ ಫೋರ್ಕು ಬಾಗಿದರೆ ಹೋಗುವುದು ರವಿವಾರವಲ್ಲ, ವರುಷ. ಹಿಂದೆ ಬಸ್ಸಿನ ಬೆನ್ನಿಗೆ ಏಣಿ, ನೆತ್ತಿಯ ಮೇಲೆ ಕಟಾಂಜನವಿರುತ್ತಿತ್ತು. ಸೈಕಲ್ಲೇನು, ಕುರಿಯೂ ಏರುತ್ತಿತ್ತು. ಈಗಿನ ಹೆಚ್ಚಿನ ಬಸ್ಸುಗಳ ನೆತ್ತಿ ಬೋಳು. ಉಳಿದುದು ಬಾಡಿಗೆಯ ಕಾರು.

ಹಾಗಾದರೆ ಎಂಥ ಚೌಕಟ್ಟು ಬೇಕು? ಪೇಟೆಯಲ್ಲಿ ಮೂರು ಬಗೆಯವು ದೊರೆಯುತ್ತವೆ: ನೆತ್ತಿಯ ಮೇಲೆ ಕೂಡುವುದು, ಹಿಂಬಾಗಿಲಿಗೆ ಪಟ್ಟಿಗಳಿಂದ ಬಿಗಿಯುವುದು, ಕಾರಿನ ಅಡಿಗೆ ಜೋಡಿಸಿದ ಕೊಂಡಿಯ ಮೇಲೆ ನಿಲ್ಲುವುದು. ಕೊಳ್ಳುವವರು ಮೊದಲು ಬೆಲೆ ಕೇಳುತ್ತಾರೆ, ಆಮೇಲೆ ಕಾರು ನೋಡುತ್ತಾರೆ, ಸೈಕಲ್ಲಿನ ಮಾತು ಕಡೆಗೆ. ಈ ಕ್ರಮ ತಲೆಕೆಳಗಾದುದು. ಮೊದಲು ಸೈಕಲ್ಲು, ಆಮೇಲೆ ದಾರಿ, ಅನಂತರ ಕಾರು, ಕೊನೆಗೆ ಬೆಲೆ.

ಸೈಕಲ್ಲನ್ನೇ ನೋಡಿರಿ. ಹಾಲಿನ ಕ್ಯಾನು ಹೊರುವ ನಮ್ಮ ಗಟ್ಟಿ ಸೈಕಲ್ಲು ಸುಮಾರು 20 ಕಿಲೋ ತೂಗುತ್ತದೆ. ಪಂದ್ಯದ ಸೈಕಲ್ಲು 8ರಿಂದ 10 ಕಿಲೋ. ಎರಡು ಗಟ್ಟಿ ಸೈಕಲ್ಲನ್ನು ಪಟ್ಟಿಯ ಚೌಕಟ್ಟಿಗೆ ತೂಗುಹಾಕಿದರೆ 40 ಕಿಲೋ ಭಾರ ಹಿಂಬಾಗಿಲಿನ ತೆಳು ತಗಡಿನ ಮೇಲೆ ಬೀಳುತ್ತದೆ. ಅವುಗಳಿಗೆ ಸಣ್ಣ ಗೂಡ್ಸ್ ಗಾಡಿಯೇ ಯೋಗ್ಯ. ಇನ್ನೊಂದು ಸೂಕ್ಷ್ಮವುಂಟು. ಬಹಳಷ್ಟು ಚೌಕಟ್ಟುಗಳು ಸೈಕಲ್ಲನ್ನು ಅದರ ಮೇಲಿನ ಅಡ್ಡ ಕೊಳವೆಯಿಂದ ಹಿಡಿಯುತ್ತವೆ. 2006-07ರಲ್ಲಿ ಸರಕಾರ ಎಂಟನೆಯ ತರಗತಿಯ ಮಕ್ಕಳಿಗಾಗಿ ಆರಂಭಿಸಿದ ಯೋಜನೆಯಲ್ಲಿ ಹುಡುಗಿಯರಿಗೆ ಬಂದ ಸೈಕಲ್ಲಿಗೆ ಆ ಕೊಳವೆಯೇ ಇಲ್ಲ! ಅಂಥದಕ್ಕೆ ಹ್ಯಾಂಡಲ್ಲಿನ ಬುಡದಿಂದ ಸೀಟಿನ ಬುಡಕ್ಕೆ ಸಿಕ್ಕಿಸುವ ಸರಳೊಂದನ್ನು ಬೇರೆ ಕೊಳ್ಳಬೇಕು, ಇಲ್ಲವೇ ಗಾಲಿಗಳನ್ನೇ ಕೆಳಗಿನಿಂದ ಹಿಡಿಯುವ ಚೌಕಟ್ಟನ್ನು ಆರಿಸಬೇಕು.

ಇನ್ನು ದಾರಿ. ಭಾರ ಹೇರುವ ವಿದ್ಯೆಯನ್ನು ನಾವು ಹೊಸದಾಗಿ ಕಲಿಯಬೇಕಾಗಿಲ್ಲ. ಚಕ್ಕಡಿಯ ಹಿಂದೆ ಭಾರ ಹೆಚ್ಚಾದರೆ ನೊಗ ಮೇಲೇಳುತ್ತದೆಂದು ಒಕ್ಕಲಿಗನ ಮಗುವೂ ಬಲ್ಲುದು. ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿ ಚೀಲ ಹೇರಿದವನನ್ನು ಕೇಳಿರಿ: ಹಗುರವಾದ ಮಾಲೇ ಎತ್ತರಕ್ಕೇರಿ ಗಾಳಿಗೆ ಓಲಾಡುತ್ತದೆ. ನೆತ್ತಿಯ ಚೌಕಟ್ಟಿಗೂ ಇದೇ ನ್ಯಾಯ. ಕಾರಿನ ಎತ್ತರದ ಮೇಲೆ ಸೈಕಲ್ಲಿನದೂ ಸೇರಿ ಎಂಟಡಿಗೆ ಮುಟ್ಟುತ್ತದೆ. ಹಳ್ಳಿಯ ಹಾದಿಯ ಹುಣಸೆಯ ಟೊಂಗೆ, ರೈಲು ಹಳಿಯ ಕೆಳಗಿನ ದಾರಿಯ ಕಬ್ಬಿಣದ ಅಡ್ಡಪಟ್ಟಿ, ಇವು ಚಾಲಕನ ಮರೆವನ್ನು ಕ್ಷಮಿಸವು. ಕೊಂಡಿಯ ಮೇಲಿನದು ಎತ್ತಿಡಲು ಸುಲಭ. ಆದರೆ ಹಂಪು ಇಳಿಯುವಾಗ ನೆಲಕ್ಕೆ ತಾಗುವ ಭಯ. ಕೊಂಡಿಯೂ ಕಾರಿನ ಅಡಿಗಟ್ಟಿಗೇ ಭದ್ರವಾಗಿ ಕೂತಿರಬೇಕು. ಬಾಡಿಗೆ ಕಾರಿನ ಮಾಲಕನು ಅದಕ್ಕೆ ಒಪ್ಪುವನೇ?

ಹೀಗೆ ಅಳೆದು ನೋಡಿದರೆ, ಒಂದೆರಡು ಹಗುರ ಸೈಕಲ್ಲುಗಳಿಗೆ, ಅದೂ ಬೇರೆಯವರ ಕಾರಿನಲ್ಲಿ, ಪಟ್ಟಿಯಿಂದ ಬಿಗಿಯುವುದೇ ನಮಗೆ ಒಗ್ಗುವಂಥದು. ಕಾರಿಗೆ ತೂತು ಕೊರೆಯಬೇಕಾಗಿಲ್ಲ. ಆದರೆ ಆ ಕಾರಿಗೆ ಅದು ಹೊಂದುವುದೆಂದು ತಯಾರಕರ ಪಟ್ಟಿಯಲ್ಲಿ ನೋಡಿಯೇ ಕೊಳ್ಳಬೇಕು. ಸೈಕಲ್ಲು ಹಿಂದಿನ ದೀಪವನ್ನಾಗಲಿ ನಂಬರು ಫಲಕವನ್ನಾಗಲಿ ಮರೆಮಾಡುವಂತಿಲ್ಲ. ಇದು ಪೋಲೀಸರ ಭಯದ ಮಾತಷ್ಟೇ ಅಲ್ಲ. ಕತ್ತಲಲ್ಲಿ ಹಿಂದೆ ಬರುವವನ ಜೀವದ ಮಾತು. ಬಿಗಿಯುವ ಮುನ್ನ ಬಾಗಿಲಿನ ಧೂಳು ಒರೆಸಿದರೆ ಬಣ್ಣ ಉಳಿಯುತ್ತದೆ. ಹೊರಟು ಹತ್ತು ಕಿಲೋಮೀಟರಿಗೆ ನಿಂತು ಪಟ್ಟಿಗಳನ್ನು ಮತ್ತೊಮ್ಮೆ ಎಳೆದರೆ ಸೈಕಲ್ಲು ಉಳಿಯುತ್ತದೆ. ಚೌಕಟ್ಟೇ ಇಲ್ಲದಿದ್ದರೆ ಮುಂದಿನ ಗಾಲಿ ಬಿಚ್ಚಿ, ಹಿಂದಿನ ಸೀಟು ಮಡಚಿ, ಚೈನಿನ ಮಗ್ಗುಲು ಮೇಲಾಗುವಂತೆ ಒಳಗೇ ಮಲಗಿಸುವುದು ಲೇಸು. ಗೋಣಿತಟ್ಟು ಹಾಸಿ ನೆತ್ತಿಯ ಮೇಲೆ ಹಗ್ಗದಿಂದ ಕಟ್ಟುವ ಸಾಹಸ ಮಾತ್ರ ಬೇಡ.

ವರುಷಕ್ಕೆ ಎರಡು ಸಲ ಬೇಕಾಗುವ ಚೌಕಟ್ಟನ್ನು ಬಡ ಕುಟುಂಬವೊಂದು ಕೊಳ್ಳುವುದಾದರೂ ಹೇಗೆ? ಇಲ್ಲಿ ನನ್ನದೊಂದು ಸೂಚನೆ. ನಮ್ಮ ಕಾಲೇಜಿನ ಜಿಮಖಾನೆಯವರು ಇಂಥದೊಂದನ್ನು, ಮೇಲೆ ಹೇಳಿದ ಸರಳಿನೊಡನೆ ಕೊಂಡಿಡಲಿ. ಗ್ರಂಥಾಲಯದ ಪುಸ್ತಕದಂತೆ ಸಹಿ ಪಡೆದು ಪಂದ್ಯಕ್ಕೆ ಹೋಗುವವರಿಗೆ ಕೊಡಲಿ, ಮರಳಿ ಪಡೆಯಲಿ. ಕ್ರಿಕೆಟ್ ಬ್ಯಾಟುಗಳಿಗೆ ಕಪಾಟಿನಲ್ಲಿ ಸ್ಥಳವಿರುವಾಗ ಇದಕ್ಕೂ ಒಂದು ಮೊಳೆ ಸಿಕ್ಕೀತು. ಬೆಂಗಳೂರಿನಲ್ಲಿ 2020ರಲ್ಲಿ ನಗರ ಸಾರಿಗೆಯ ಕೆಲವು ಬಸ್ಸುಗಳ ಮುಂಭಾಗಕ್ಕೇ ಸೈಕಲ್ಲಿನ ಚೌಕಟ್ಟು ಜೋಡಿಸಿದ್ದುಂಟು. ಹೊಸರಿತ್ತಿಯ ಬಸ್ಸಿಗೆ ಅಂಥ ಭಾಗ್ಯ ಬರುವ ತನಕ ನಮ್ಮ ಮಕ್ಕಳ ಸೈಕಲ್ಲುಗಳು ಊರಲ್ಲೇ ನಿಲ್ಲಬೇಕೇ? ಗುರುಗಳೂ ಗೆಳೆಯರೂ ವಿಚಾರ ಮಾಡಬೇಕೆಂದು ಬೇಡುತ್ತೇನೆ.